ಹತ್ತೊಂಬತ್ತು ನಕ್ಷೆಗಳು

ಇಲ್ಪೊ ಕೋಣೆಯನ್ನು ಮತ್ತೆ ಅಳೆಯುತ್ತಿದ್ದ. ಹೋದ ವಾರ ಮೂರು ಮೀಟರ್ ಹತ್ತು ಸೆಂಟಿಮೀಟರ್ ಇದ್ದ ಗೋಡೆ ಈ ವಾರವೂ ಅಷ್ಟೇ ಇತ್ತು. ಅವನು ಟೇಪನ್ನು ಸುರುಳಿಗೆ ಬಿಟ್ಟು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರೆದುಕೊಂಡ. ಪಕ್ಕದ ಅಡಿಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತ ಕೂತಿದ್ದ ಅವನ ಹೆಂಡತಿ ಐರಾ ತಲೆ ಎತ್ತಲಿಲ್ಲ.

“ಎಷ್ಟು ಬಂತು?”

“ಅಷ್ಟೇ.”

“ಬೆಳೆದಿರುತ್ತೆ ಅಂದ್ಕೊಂಡಿದ್ಯಾ?”

“ಮರದ ಮನೆ. ಮಳೆಗಾಲಕ್ಕೆ ಸ್ವಲ್ಪ ಹಿಗ್ಗುತ್ತೆ” ಎಂದ ಇಲ್ಪೊ, ನಗದೆ.

ಇಲ್ಪೊ ಮೂವತ್ತೆಂಟು ವರ್ಷ ಮರದ ಕಂಪನಿಯಲ್ಲಿ ದಿಮ್ಮಿ ಅಳೆದವನು. ಫಿನ್ಲೆಂಡಿನ ಸಾವೊ ಸೀಮೆಯ ಕಾಡಿನಿಂದ ಲಾರಿಯಲ್ಲಿ ಬಂದ ಲಕ್ಷಾಂತರ ಮರಗಳ ದಪ್ಪ, ಉದ್ದ ಅವನ ಕೈಮೇಲೆ ಹಾದುಹೋಗಿದ್ದವು. ಒಂದರ ಮೇಲೂ ತಕರಾರು ಬಂದಿರಲಿಲ್ಲ. ಹೋದ ವರ್ಷ ನಿವೃತ್ತಿಯಾದ ಮೇಲೆ ಅಳೆಯುವುದಕ್ಕೆ ಅವನಿಗೆ ಉಳಿದದ್ದು ಮನೆಯೊಂದೇ. ಮನೆಯಾದರೋ ಚಿಕ್ಕದು. ಬೆಳಗಿನ ಕಾಫಿಗೆ ಮುಂಚೆ ಅಳೆದು ಮುಗಿಸಬಹುದಾದಷ್ಟು.

ಐರಾಗೆ ಐವತ್ತೊಂಬತ್ತು. ಶಾಲೆಯ ಅಡಿಗೆಮನೆಯಲ್ಲಿ ಇಪ್ಪತ್ತಾರು ವರ್ಷ, ದಿನಕ್ಕೆ ನೂರ ಎಂಬತ್ತು ಮಕ್ಕಳಿಗೆ ಬೇಯಿಸಿ ಹಾಕಿದ ಹೆಂಗಸು. ಸಂಧಿವಾತ ಮೊದಲು ಬೆರಳಿಗೆ ಬಂತು, ಆಮೇಲೆ ಮೊಣಕಾಲಿಗೆ, ಆಮೇಲೆ ಕಣಕಾಲಿಗೆ. ಅಕ್ಟೋಬರ್ ಮೂರನೇ ತಾರೀಕು ಆಪರೇಷನ್ ಎಂದು ಗೊತ್ತಾಗಿತ್ತು. ಅದಾದ ಮೇಲೆ ಅರ್ಧ ವರ್ಷ ಗಾಲಿಕುರ್ಚಿ, ಅದಾದ ಮೇಲೆ ನೋಡೋಣ ಎಂದಿದ್ದರು ಡಾಕ್ಟರು. “ನೋಡೋಣ” ಎಂದರೆ ಏನೆಂದು ಐರಾಗೆ ಗೊತ್ತು. ಶಾಲೆಗೆ ಹೊಸ ಒಲೆ ಬೇಕೆಂದು ಕೇಳಿದಾಗಲೂ ಒಂಬತ್ತು ವರ್ಷ ಮೇಲಿನವರು ಹಾಗೇ ಅಂದಿದ್ದರು.

ಹದಿನಾಲ್ಕು ತಿಂಗಳ ಹಿಂದೆ ಆರೈಕೆ ಕಚೇರಿಯಿಂದ ಹೆನ್ನಾ ಎಂಬ ಹುಡುಗಿ ಮನೆ ನೋಡಲು ಬಂದಿದ್ದಳು. ಕೈಯಲ್ಲಿ ಅವಳದೂ ಒಂದು ಟೇಪು ಇದ್ದದ್ದರಿಂದ ಇಲ್ಪೊ ಅವಳನ್ನು ಗೌರವದಿಂದ ಕಂಡಿದ್ದ. ಅವಳು ಹೊಸ್ತಿಲು ಅಳೆದಳು, ಬಾಗಿಲು ಅಳೆದಳು, ಮೇಲಿನ ಮಲಗುವ ಕೋಣೆಗೆ ಹೋಗುವ ಕಡಿದಾದ ಹನ್ನೊಂದು ಮೆಟ್ಟಿಲನ್ನು ನೋಡಿ ಅಳೆಯುವ ಗೋಜಿಗೇ ಹೋಗಲಿಲ್ಲ.

“ಕೆಳಗೆ ಒಂದು ಕೋಣೆ ಆಗ್ಬೇಕು” ಎಂದಳು. “ಟಾಯ್ಲೆಟ್ ಅದರಲ್ಲೇ ಇರ್ಬೇಕು. ಗಾಲಿಕುರ್ಚಿ ಒಂದು ಸುತ್ತು ತಿರುಗೋಕೆ ನೂರೈವತ್ತು ಸೆಂಟಿಮೀಟರ್ ಖಾಲಿ ಜಾಗ ಬಿಡ್ಬೇಕು. ಮಂಚ ನಾವೇ ಕೊಡ್ತೀವಿ, ಎತ್ತರ ಏರಿಸೋದು ಇಳಿಸೋದು ಎಲ್ಲಾ ಆಗುತ್ತೆ.”

“ಕೋಣೆ ಆಗ್ಲಿಲ್ಲ ಅಂದ್ರೆ?” ಎಂದು ಐರಾ ಕೇಳಿದಳು.

“ಆಗ್ಲಿಲ್ಲ ಅಂದ್ರೆ ಸದ್ಯಕ್ಕೆ ಪೇಟೆಯ ಆರೈಕೆ ಮನೆ ಇದೆಯಲ್ಲ. ಚೆನ್ನಾಗಿದೆ. ಪ್ರತಿ ಗುರುವಾರ ಹಾರ್ಮೋನಿಯಂ ನುಡಿಸೋರು ಬರ್ತಾರೆ.”

ಐರಾಳ ಜೊತೆ ಶಾಲೆಯಲ್ಲಿ ತಟ್ಟೆ ತೊಳೆಯುತ್ತಿದ್ದ ವಿಯೆನೊ ಅಲ್ಲಿಗೆ ಆರು ವಾರಕ್ಕೆಂದು ಸದ್ಯಕ್ಕೆ ಹೋಗಿದ್ದಳು. ಈಗ ಮೂರನೇ ವರ್ಷ. ಐರಾ ನೋಡಲು ಹೋದಾಗ ವಿಯೆನೊ ಗುರುವಾರದ ಬಗ್ಗೆ ಬಿಟ್ಟು ಬೇರೆ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುತ್ತ ಐರಾ ಒಂದು ತೀರ್ಮಾನ ಮಾಡಿಕೊಂಡಳು. ಆ ಮನೆಗೆ ತಾನು ಹೋದರೆ ತಿರುಗಿ ಬರುವುದಿಲ್ಲ. ಆದ್ದರಿಂದ ಹೋಗಬಾರದು.

ಇವರ ಮನೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಹಂಚಿದ ಒಂದೇ ನಕ್ಷೆಯಿಂದ ಫಿನ್ಲೆಂಡಿನ ಉದ್ದಗಲಕ್ಕೂ ಎದ್ದ ಸಾವಿರಾರು ಮನೆಗಳಲ್ಲಿ ಒಂದು. ಇಲ್ಪೊ, ಐರಾ ಮದುವೆಯಾದ ವರ್ಷ ಕೊಂಡದ್ದು. ನಟ್ಟನಡುವೆ ಇಟ್ಟಿಗೆಯ ದಪ್ಪ ಚಿಮಣಿ, ಸುತ್ತಲೂ ಕೋಣೆಗಳು. ಹಜಾರ, ಮೆಟ್ಟಿಲು ಚಿಮಣಿಯ ಆಚೆ. ನಡುವಿನ ಸಂದು ಅರವತ್ತೊಂದು ಸೆಂಟಿಮೀಟರ್, ಗಾಲಿಕುರ್ಚಿ ತೂರುವುದಿಲ್ಲ. ಈಚೆ ಕಡೆ ಅಡಿಗೆಮನೆ, ಅದಕ್ಕೆ ಅಂಟಿಕೊಂಡು ಹೊಲಿಗೆ ಯಂತ್ರ, ಇಸ್ತ್ರಿ ಹಲಗೆ ಇಡುವ ಈ ಸಣ್ಣ ಕೋಣೆ, ಅದರಾಚೆ ಇಲ್ಪೊ ತನ್ನ ಕೈಯಾರೆ ಕಟ್ಟಿದ ಸೌನಾ, ಎಂದರೆ ಹಬೆಸ್ನಾನದ ಕೋಣೆ. ಅದರಾಚೆ ಬಂಡೆ. ಮನೆಯನ್ನು ಹಿಂದಕ್ಕೆ ಬೆಳೆಸಬೇಕೆಂದರೆ ಬಂಡೆಗೆ ಸಿಡಿಮದ್ದು ಇಡಬೇಕು. ಹಾಗಾಗಿ ಏನೇ ಮಾಡುವುದಿದ್ದರೂ ಈ ಸಣ್ಣ ಕೋಣೆಯಲ್ಲೇ ಮಾಡಬೇಕಿತ್ತು.

ಮಾಡುವುದು ನನಗೆ ಬಿಡು ಎಂದಿದ್ದ ಇಲ್ಪೊ. ಐರಾ ಬಿಟ್ಟಳು. ಅವನು ಪೇಟೆಗೆ ಹೋಗಿ ಒಂದು ಹಸಿರು ಫೈಲು, ಚೌಕಳಿ ಹಾಳೆಯ ಎರಡು ಕಟ್ಟು, ಗಟ್ಟಿ ಸೀಸದ ಪೆನ್ಸಿಲ್ ತಂದ. ದಿನಾ ಬೆಳಗ್ಗೆ ಏಳರಿಂದ ಹತ್ತರವರೆಗೆ ಬರೆಯುತ್ತಿದ್ದ. ಬೇಸಿಗೆ ಹೋಯಿತು, ಹಿಮ ಬಿತ್ತು, ಕರಗಿತು, ಕೋಗಿಲೆ ಬಂದು ಕೂಗಿ ಹೋಯಿತು. ಫೈಲು ದಪ್ಪವಾಯಿತು. ಕೋಣೆಯಿಂದ ಒಂದು ಮೊಳೆಯೂ ಹೊರಗೆ ಬರಲಿಲ್ಲ.

“ಎಲ್ಲಿಗೆ ಬಂತು?” ಎಂದು ಅವಳು ತಿಂಗಳಿಗೊಮ್ಮೆ ಕೇಳುತ್ತಿದ್ದಳು.

“ಜಾಗ ಸಾಲ್ತಿಲ್ಲ” ಎನ್ನುತ್ತಿದ್ದ.

ಅದಕ್ಕಿಂತ ಹೆಚ್ಚಿಗೆ ಅವನ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಫೈಲು ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು, ಕೈಚಾಚಿದರೆ ಸಿಗುತ್ತಿತ್ತು. ಐರಾ ಕೈಚಾಚಲಿಲ್ಲ. ಒಬ್ಬರ ಕಾಗದವನ್ನು ಇನ್ನೊಬ್ಬರು ಓದಬಾರದು ಎಂಬುದು ಆ ಮನೆಯ ಕಟ್ಟಳೆ. ಮೂವತ್ತಮೂರು ವರ್ಷದ ಸಂಸಾರ ಜಗಳವಿಲ್ಲದೆ ನಡೆದದ್ದೇ ಅದರಿಂದ ಎಂದು ಇಬ್ಬರೂ ನಂಬಿದ್ದರು. ತೋರಿಸಬೇಕೆನ್ನಿಸಿದರೆ ತೋರಿಸುತ್ತಾನೆ ಎಂದು ಅವಳು, ಕೇಳಬೇಕೆನ್ನಿಸಿದರೆ ಕೇಳುತ್ತಾಳೆ ಎಂದು ಅವನು. ಹೀಗೆ ಮರ್ಯಾದೆಯಾಗಿ ಹದಿನಾಲ್ಕು ತಿಂಗಳು ಕಳೆದುಹೋದವು.

ಸೆಪ್ಟೆಂಬರ್ ಬಂತು. ಆ ದಿನ ಆಲೂಗೆಡ್ಡೆ ಸುಲಿಯುತ್ತ, ಮೂರು ಮೀಟರ್ ಹತ್ತು ಸೆಂಟಿಮೀಟರನ್ನು ಅವನು ಮತ್ತೆ ಬರೆದುಕೊಂಡದ್ದು ಗೊತ್ತಾದಾಗ ಐರಾಳ ಎದೆಯಲ್ಲಿ ಬಹಳ ದಿನದಿಂದ ಮೂಲೆಯಲ್ಲಿ ಕೂತಿದ್ದ ಯೋಚನೆ ಎದ್ದು ಎದುರಿಗೇ ನಿಂತಿತು. ಇವನಿಗೆ ಕೋಣೆ ಮಾಡುವ ಮನಸ್ಸಿಲ್ಲ. ತನ್ನನ್ನು ಆರೈಕೆ ಮನೆಗೆ ಕಳಿಸಬೇಕೆಂದಿದ್ದಾನೆ, ಹೇಳಲು ಬಾಯಿಲ್ಲ, ಅದಕ್ಕೆ ಅಳೆಯುತ್ತಿದ್ದಾನೆ. ಹಾಗೆ ಅಂದುಕೊಂಡಾಗ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಭಯವಾಯಿತು. ರೋಗಿಷ್ಠ ಹೆಂಗಸನ್ನು ನೋಡಿಕೊಳ್ಳುವುದು ಯಾರಿಗೆ ತಾನೆ ಬೇಕು ಎಂದು ಅವನ ಪರವಾಗಿಯೂ ಒಂದು ನಿಮಿಷ ವಾದಿಸಿದಳು. ಆಲೂಗೆಡ್ಡೆ ಮುಗಿದಿತ್ತು. ಅವಳು ಇನ್ನೂ ಮೂರು ಸುಲಿದಳು.

ಅವನು ಕಟ್ಟಿಗೆ ತರಲು ಹೊರಗೆ ಹೋದಾಗ ಫೋನೆತ್ತಿ ಎದುರುಮನೆಯ ಬಡಗಿ ಓಸ್ಮೊಗೆ ಮಾಡಿದಳು.

“ಶನಿವಾರ ತಲ್ಕೋತ್ ಇಟ್ಕೊಂಡಿದೀನಿ.”

“ಇಲ್ಪೊಗೆ ಗೊತ್ತಾ?”

“ಶನಿವಾರ ಗೊತ್ತಾಗುತ್ತೆ.”

“ಎಷ್ಟೊತ್ತಿಗೆ ಬರ್ಲಿ?” ಎಂದ ಓಸ್ಮೊ.

ತಲ್ಕೋತ್ ಎಂದರೆ ಮುಯ್ಯಾಳಿನ ಹಾಗೆ. ಒಬ್ಬರ ಮನೆಯ ಕೆಲಸಕ್ಕೆ ಊರವರೆಲ್ಲ ಸುತ್ತಿಗೆ ಗರಗಸ ಹಿಡಿದು ಬರುತ್ತಾರೆ. ಕೂಲಿ ಕೊಡುವ ಹಾಗಿಲ್ಲ, ಕೊಟ್ಟರೆ ಅವಮಾನ. ಮನೆಯವರು ಹೊಟ್ಟೆ ತುಂಬ ಉಣ್ಣಿಸಬೇಕು, ಸಂಜೆ ಸೌನಾ ಕಾಯಿಸಬೇಕು. ಬಂದವರು ಬಿಸಿ ಕಲ್ಲಿಗೆ ನೀರೆರಚಿ, ಮೆಟ್ಟಿಲಿನ ಹಾಗಿರುವ ಹಲಗೆಗಳ ಮೇಲೆ ಹಬೆಯಲ್ಲಿ ಕೂತು ಮೈಕೈ ನೋವು ಇಳಿಸಿಕೊಂಡು ಹೋಗುತ್ತಾರೆ. ಕರೆದರೆ ಬರುವುದಿಲ್ಲ ಎನ್ನುವಂತಿಲ್ಲ. ಬಂದವರನ್ನು ವಾಪಸ್ಸು ಕಳಿಸುವುದಂತೂ ನಮ್ಮೂರಲ್ಲಿ ಇವತ್ತಿನವರೆಗೆ ಯಾರೂ ಮಾಡಿದ್ದಿಲ್ಲ. ಐರಾ ಎಣಿಸಿದ್ದು ಇದನ್ನೇ. ಗಂಡನಿಗೆ ಹೆಂಡತಿಯ ಮಾತು ಮೀರಲು ಬರುತ್ತದೆ, ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತವರನ್ನು ಮೀರಲು ಬರುವುದಿಲ್ಲ.

ಶನಿವಾರ ಬೆಳಗ್ಗೆ ಎಂಟಕ್ಕೆ ಅಂಗಳದಲ್ಲಿ ನಾಲ್ಕು ಕಾರು, ಒಂದು ಟ್ರ್ಯಾಕ್ಟರ್ ನಿಂತಿದ್ದವು. ಒಂಬತ್ತು ಜನ. ಇಲ್ಪೊ ಒಳ ಅಂಗಿಯಲ್ಲೇ ಕಿಟಕಿಯ ಬಳಿ ನಿಂತು ನೋಡಿದ.

“ಯಾರಾದ್ರೂ ಸತ್ರಾ?”

“ತಲ್ಕೋತ್” ಎಂದಳು ಐರಾ. ಅವಳು ಐದು ಗಂಟೆಗೇ ಎದ್ದು, ಮೆಟ್ಟಿಲ ಮೇಲೆ ಕೂತು ಕೂತು ಜಾರಿಕೊಂಡು ಕೆಳಗಿಳಿದು, ದೊಡ್ಡ ಪಾತ್ರೆಯಲ್ಲಿ ಬಟಾಣಿ ಸಾರು ಇಟ್ಟಿದ್ದಳು. “ಕೋಣೆ ಒಡೆಯೋಕೆ ಬಂದಿದಾರೆ.”

ಇಲ್ಪೊ ಕಿಟಕಿಯನ್ನು ನೋಡಿದ. ಸಾರನ್ನು ನೋಡಿದ. ಅವಳನ್ನು ನೋಡಿದ. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ಕಾಫಿ ಸಾಕಾಗುತ್ತಾ ಎಲ್ಲರಿಗೂ?” ಎಂದ.

ಓಸ್ಮೊ ಬೂಟು ಕಳಚಿ ಒಳಗೆ ಬಂದ. ಗಂಟಲು ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಅವನ ಹಿಂದೆ ಕೆರೆಯ ಕಡೆಯ ಮನೆಯ ಮರ್ಯತ್ತ, ಎರಡು ತಟ್ಟೆ ಏಲಕ್ಕಿ ಬನ್ನು ಹೊತ್ತುಕೊಂಡು. ಉಳಿದವರು ಅವರ ಹಿಂದೆ. ಇಸ್ತ್ರಿ ಹಲಗೆ ಹೊರಗೆ ಹೋಯಿತು, ಹೊಲಿಗೆ ಯಂತ್ರ ಹೊರಗೆ ಹೋಯಿತು, ಅರ್ಧ ಗಂಟೆಯಲ್ಲಿ ಕೋಣೆಯ ಗೋಡೆ ಹಲಗೆಗಳೂ ಹೋದವು. ಇಲ್ಪೊ ಪ್ರತಿಯೊಂದು ಹಲಗೆಯನ್ನೂ ಅಂಗಳಕ್ಕೆ ಒಯ್ದು ಉದ್ದದ ಪ್ರಕಾರ ಜೋಡಿಸಿಟ್ಟ. ಯಾರೂ ಹೇಳಿರಲಿಲ್ಲ.

“ಆಯ್ತು, ಈಗ ನಕ್ಷೆ ತಗೊಂಡ್ಬಾ” ಎಂದ ಓಸ್ಮೊ. “ಟಾಯ್ಲೆಟ್ ಎಲ್ಲಿ, ಮಂಚ ಎಲ್ಲಿ, ಹೇಳು. ಪೈಪಿಗೆ ಗಾಡಿ ಹೊಡೀತೀನಿ.”

“ನಕ್ಷೆ ಮುಗಿದಿಲ್ಲ.”

“ಎಷ್ಟು ಮುಗಿದಿದೆಯೋ ಅಷ್ಟು ಕೊಡು.”

“ಜಾಗ ಸಾಲ್ತಿಲ್ಲ.”

“ಜಾಗ ಸಾಲುತ್ತೋ ಬಿಡುತ್ತೋ ನಾನ್ ಹೇಳ್ತೀನಿ. ನೀನು ಮರ ಅಳೆದೋನು, ನಾನು ಮನೆ ಕಟ್ಟಿದೋನು” ಎನ್ನುತ್ತ ಓಸ್ಮೊ ಅಡಿಗೆಮನೆಗೆ ಬಂದು ಬ್ರೆಡ್ಡಿನ ಡಬ್ಬಿಯ ಪಕ್ಕದಿಂದ ಹಸಿರು ಫೈಲನ್ನು ಎಳೆದ. ಪರರ ಕಾಗದದ ವಿಷಯದಲ್ಲಿ ಅವನ ಮನೆಯಲ್ಲಿ ಅಂಥ ಕಟ್ಟಳೆಯೇನೂ ಇರಲಿಲ್ಲ.

ಇಲ್ಪೊ ಒಂದು ಹೆಜ್ಜೆ ಮುಂದೆ ಇಟ್ಟ. ಆಮೇಲೆ ನಿಂತ. ಒಂಬತ್ತು ಜನ ಊರವರ ಎದುರು ಫೈಲು ಕಿತ್ತುಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಕಾಫಿ ಲೋಟ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿದ.

“ಒಂದನೇ ನಕ್ಷೆ. ಹೋದ ವರ್ಷ ಜುಲೈ ಹದಿನೆಂಟು” ಎಂದು ಓಸ್ಮೊ ಕನ್ನಡಕ ಏರಿಸಿ ಓದಿದ. ಕಣ್ಣು ಕಿರಿದು ಮಾಡಿದ. “ಅಲ್ಲಯ್ಯಾ, ಇದು ಸರಿಯಾಗೇ ಇದೆಯಲ್ಲ! ಮಂಚ ಇಲ್ಲಿ, ಟಾಯ್ಲೆಟ್ ಇಲ್ಲಿ, ಕುರ್ಚಿ ತಿರುಗೋ ಸುತ್ತು ಇಲ್ಲಿ. ಎಲ್ಲಾ ಕೂತಿದೆ. ಇದನ್ನಿಟ್ಕೊಂಡು ಹದಿನಾಲ್ಕು ತಿಂಗಳು ಏನ್ ಮಾಡ್ತಿದ್ದೆ ಮಾರಾಯ? ಕಾವು ಕೊಡ್ತಿದ್ಯಾ?”

ಯಾರೋ ನಕ್ಕರು. ಐರಾ ನಗಲಿಲ್ಲ. ಹೆನ್ನಾ ಬಂದು ಹೋದದ್ದು ಜುಲೈ ಹನ್ನೆರಡಕ್ಕೆ. ಆರೇ ದಿನದಲ್ಲಿ ನಕ್ಷೆ ಸಿದ್ಧವಾಗಿತ್ತು. ಅವಳು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ, ಮೇಜು ಹಿಡಿದು ನಿಂತುಕೊಂಡಳು. ಅಂದುಕೊಂಡದ್ದೆಲ್ಲ ನಿಜವಾಯಿತಲ್ಲ ಎನ್ನಿಸಿತು.

“ಜಾಗ ಸಾಲ್ತಿಲ್ಲ ಅಂದಿದ್ದೆ” ಎಂದಳು.

“ಸಾಲಲ್ಲ” ಎಂದ ಇಲ್ಪೊ.

“ಅದರಲ್ಲಿ ಸಾಲಿದೆಯಲ್ಲ.”

“ಅದರಲ್ಲಿ ತಪ್ಪಿದೆ.”

“ಎಲ್ಲಿ ತಪ್ಪು?”

ಇಲ್ಪೊ ಕಾಫಿಯ ಕಡೆ ನೋಡಿಕೊಂಡ. ಓಸ್ಮೊ ಹಾಳೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕಿದ. ಸಿಗಲಿಲ್ಲ. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಮಾತು ಬರೆದಿತ್ತು, “ಆಗದು” ಎಂದು. ಅವನು ಹಾಳೆ ಮಗುಚಿದ.

“ಎರಡನೇದು. ಇದರಲ್ಲಿ ಮಂಚ ಎರಡಿದೆ. ಒಂದರಲ್ಲಿ ಐ ಅಂತ ಬರೆದಿದೆ, ಇನ್ನೊಂದರಲ್ಲಿ ಇ. ಟಾಯ್ಲೆಟ್ಟಿಗೆ ಜಾಗ ಇಲ್ಲ. ಆಗದು.” ಮಗುಚಿದ. “ಐದನೇದು. ಇ ಮಂಚ ಅರ್ಧ ಗೋಡೆ ಒಳಗಿದೆ. ಕಾಲು ಅಡಿಗೆಮನೇಲಿ ಬರುತ್ತೆ ಅಂತ ಬರೆದಿದಾನೆ. ಒಲೆಯಿಂದ ನಲವತ್ತು ಸೆಂಟಿಮೀಟರ್. ಆಗದು.”

ಮತ್ತೆ ನಗು ಬಂತು. ಬನ್ನು ಕೈಯಿಂದ ಕೈಗೆ ಹೋಗುತ್ತಿತ್ತು.

“ಒಂಬತ್ತನೇದು. ಒಂದರ ಮೇಲೊಂದು ಮಂಚ, ರೈಲಿನಲ್ಲಿರೋ ಹಾಗೆ. ‘ಇ ಮೇಲೆ, ಏಣಿ ಬೇಕು. ಐ ಎದ್ದು ಕೂತರೆ ತಲೆಗೆ ತಾಗುತ್ತದೆ. ಆಗದು.’ ಹನ್ನೆರಡನೇದು. ಇ ಮಂಚ ಮಡಚಿ ಗೋಡೆಗೆ ಏರಿಸೋದು. ‘ರಾತ್ರಿ ಬಿಚ್ಚಿದರೆ ಕುರ್ಚಿ ತಿರುಗದು. ಐ ರಾತ್ರಿ ಎರಡು ಸಲ ಏಳುತ್ತಾಳೆ. ಆಗದು.’”

ತಾನು ರಾತ್ರಿ ಎರಡು ಸಲ ಏಳುವುದು ಅವನಿಗೆ ಗೊತ್ತಿದೆ ಎಂದು ಐರಾಗೆ ಗೊತ್ತಿರಲಿಲ್ಲ. ಎಚ್ಚರವಾದೀತೆಂದು ಉಸಿರು ಬಿಗಿಹಿಡಿದು ಏಳುತ್ತಿದ್ದಳು.

ಓಸ್ಮೊನ ಗಂಟಲು ಹಾಳೆಯಿಂದ ಹಾಳೆಗೆ ಸಣ್ಣದಾಗುತ್ತಿತ್ತು. “ಹದಿನಾರನೇದು. ‘ಇ ಅಡಿಗೆಮನೆಯ ಬೆಂಚಿನ ಮೇಲೆ. ನಡುವಿನ ಬಾಗಿಲು ಕಿತ್ತುಹಾಕುವುದು. ಐ ಕರೆದರೆ ಕೇಳುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಕೈ ಉಜ್ಜಲು ಎದ್ದು ಬರಬೇಕು. ನಿದ್ದೆ ಬಂದು ಏಳದೆ ಹೋದರೆ? ಆಗದು.’”

ಈಗ ಯಾರೂ ನಗಲಿಲ್ಲ. ಮರ್ಯತ್ತ ಬಾಯಲ್ಲಿದ್ದ ಬನ್ನನ್ನು ಅಗಿಯುವುದು ನಿಲ್ಲಿಸಿದಳು.

ಬೆಳಗಿನ ಜಾವ ಐರಾಳ ಬೆರಳುಗಳು ಮರಗಟ್ಟಿ ಮುಷ್ಟಿಯಾಗಿಬಿಡುತ್ತಿದ್ದವು. ಪಕ್ಕದ ಮಂಚದಿಂದ ಇಲ್ಪೊನ ಕೈ ಬರುತ್ತಿತ್ತು. ಕಣ್ಣು ತೆರೆಯದೆ, ಒಂದು ಮಾತಾಡದೆ, ಒಂದೊಂದೇ ಬೆರಳನ್ನು ಉಜ್ಜಿ ಉಜ್ಜಿ ಬಿಡಿಸುತ್ತಿತ್ತು. ಆರು ವರ್ಷದಿಂದ ಹೀಗೆ. ಹಗಲಲ್ಲಿ ಅದರ ಬಗ್ಗೆ ಅವರು ಒಂದು ಸಲವೂ ಮಾತಾಡಿರಲಿಲ್ಲ. ಅವನು ನಿದ್ದೆಯಲ್ಲೇ ಹಾಗೆ ಮಾಡುತ್ತಾನೇನೋ ಎಂದುಕೊಂಡಿದ್ದಳು ಐರಾ.

“ಕೊನೇದು ಒಂದಿದೆ” ಎಂದ ಓಸ್ಮೊ. “ಹತ್ತೊಂಬತ್ತನೇದು. ಮೊನ್ನೆಯ ತಾರೀಕು. ಓದ್ಲಾ?”

“ಬೇಡ” ಎಂದ ಇಲ್ಪೊ.

“ಓದು” ಎಂದಳು ಐರಾ.

“‘ಐ ಕೋಣೆಯಲ್ಲಿ. ಇ ಸೌನಾದ ಮೇಲಿನ ಹಲಗೆಯ ಮೇಲೆ. ಬಾಗಿಲು ತೆರೆದಿಟ್ಟರೆ ತಲೆಯಿಂದ ತಲೆಗೆ ಎರಡು ಮೀಟರ್ ಇಪ್ಪತ್ತು. ಹಲಗೆಯ ಅಗಲ ಐವತ್ತೈದು, ಮಗ್ಗುಲು ಬದಲಿಸಬಾರದು. ಶನಿವಾರ ಸೌನಾ ಕಾಯಿಸುವ ದಿನ, ಸ್ವಲ್ಪ ಬಿಸಿ.’” ಓಸ್ಮೊ ಹಾಳೆಯ ಮೂಲೆ ನೋಡಿದ. “ಇದರಲ್ಲಿ ಆಗದು ಅಂತ ಬರೆದಿಲ್ಲ.”

ಹತ್ತು ಜನ ಒಬ್ಬ ಗಂಡಸನ್ನು ನೋಡುತ್ತಿದ್ದರು. ಅವನ ಕಿವಿ ಕೆಂಪಗಾಗಿತ್ತು.

ಐರಾ ಮೇಜಿನ ಮೇಲಿನ ಹಾಳೆಗಳನ್ನು ತನ್ನತ್ತ ಎಳೆದುಕೊಂಡಳು. ಹತ್ತೊಂಬತ್ತನ್ನೂ ನೋಡಿದಳು. ಮಂಚ ಅಲ್ಲಿಂದಿಲ್ಲಿಗೆ ಓಡಾಡಿತ್ತು, ಟಾಯ್ಲೆಟ್ ಓಡಾಡಿತ್ತು, ಬಾಗಿಲು, ಗೋಡೆ ಎಲ್ಲ ಓಡಾಡಿದ್ದವು. ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿ ಬರೆದಿದ್ದ. ಒಂದೇ ಒಂದು ಚೌಕವನ್ನು ಮಾತ್ರ ಹತ್ತೊಂಬತ್ತರಲ್ಲೂ ಶಾಯಿಯಲ್ಲಿ ಬರೆದಿದ್ದ. ಅವಳು ಡೊಂಕು ಬೆರಳನ್ನು ಅದರ ಮೇಲೆ ಇಟ್ಟಳು.

“ಇದನ್ನ ಒಡೀರಿ.”

ಓಸ್ಮೊ ಬಗ್ಗಿ ನೋಡಿದ. “ಅದು ಸೌನಾ.”

“ಓದೋಕೆ ಬರುತ್ತೆ ನನಗೆ.”

“ಐರಾ” ಎಂದಳು ಮರ್ಯತ್ತ ಮೆಲ್ಲಗೆ, ಜ್ವರ ಬಂದವರ ಜೊತೆ ಮಾತಾಡುವ ಹಾಗೆ, “ಕೂತ್ಕೋ. ಸ್ವಲ್ಪ ನೀರು ಕುಡಿ.”

ನಮ್ಮ ಕಡೆ ಮನೆ ಒಡೆದವರಿದ್ದಾರೆ, ಕೊಟ್ಟಿಗೆ ಒಡೆದವರಿದ್ದಾರೆ. ಮದುವೆ ಮುರಿದುಕೊಂಡವರಂತೂ ಬೇಕಾದಷ್ಟಿದ್ದಾರೆ. ಇರುವ ಸೌನಾವನ್ನು ಒಡೆದು ಸುಮ್ಮನಾದವರಿಲ್ಲ. ಓಸ್ಮೊನನ್ನು ಅವನ ತಾಯಿ ಹೆತ್ತದ್ದೇ ಸೌನಾದಲ್ಲಿ. ಟ್ರ್ಯಾಕ್ಟರಿನವನ ಅಜ್ಜ ತೀರಿಕೊಂಡಾಗ ಹೆಣಕ್ಕೆ ಕೊನೆಯ ನೀರು ಹಾಕಿದ್ದು ಸೌನಾದಲ್ಲಿ. ಯುದ್ಧದಲ್ಲಿ ಗಡಿಯ ಕಾಡಿಗೆ ಹೋದವರೂ ಮೊದಲು ಸೌನಾ ಕಟ್ಟಿ ಆಮೇಲೆ ಮಲಗಲು ಜಾಗ ಹುಡುಕಿದರಂತೆ. ಇಲ್ಪೊನಂಥ ಲೆಕ್ಕದವನ ತಲೆಗೆ ಹದಿನಾಲ್ಕು ತಿಂಗಳಲ್ಲಿ ಬಂಡೆಗೆ ಸಿಡಿಮದ್ದಿಡುವುದು ಹೊಳೆದಿತ್ತು, ಚಿಮಣಿ ಕಡಿಯುವುದು ಹೊಳೆದಿತ್ತು, ಸೌನಾದ ಹಲಗೆಯ ಮೇಲೆ ಮಗ್ಗುಲು ಬದಲಿಸದೆ ಸಾಯುವವರೆಗೆ ಮಲಗುವುದೂ ಹೊಳೆದಿತ್ತು. ಸೌನಾ ತೆಗೆಯುವುದು ಹೊಳೆದಿರಲಿಲ್ಲ. ಅವನನ್ನು ಬೈದು ಉಪಯೋಗವಿಲ್ಲ, ನನಗೂ ಹೊಳೆಯುತ್ತಿರಲಿಲ್ಲ.

“ಸೌನಾ ಇಲ್ದೆ ಇರೋಕಾಗಲ್ಲ” ಎಂದ ಇಲ್ಪೊ. ಫೈಲು ತೆರೆದ ಮೇಲೆ ಅವನು ಆಡಿದ ಅತಿ ಉದ್ದದ ಮಾತು ಅದು.

“ನಾನು ಇಲ್ದೆ?”

ಇಲ್ಪೊ ಲೋಟವನ್ನು ಮೇಜಿನ ಮೇಲಿಟ್ಟು, ಬರಿದಾದ ಕೋಣೆ ದಾಟಿ, ಸೌನಾದ ಬಾಗಿಲು ತೆರೆದು ಒಳಗೆ ಹೋದ. ಬಾಗಿಲು ಹಾಕಿಕೊಂಡಿತು.

“ಹಾಗಾದ್ರೆ ಇವತ್ತು ಸಂಜೆ…” ಎಂದು ಹಿಂದಿನಿಂದ ಯಾರೋ ಶುರುಮಾಡಿದರು. ಕೆಲಸ ಮಾಡಿ ಸ್ನಾನವಿಲ್ಲದೆ ಮನೆಗೆ ಹೋಗುವ ಮಾತು ಎಲ್ಲರ ತಲೆಯಲ್ಲೂ ಬಂದಿತ್ತು, ಬಾಯಿಬಿಟ್ಟವನು ಅವನೊಬ್ಬ.

“ನಮ್ಮನೇದು ಕಾಯಿಸ್ತೀನಿ” ಎಂದಳು ಮರ್ಯತ್ತ. “ಈಗ ಎಲ್ಲಾರೂ ಬಾಯಿ ಮುಚ್ಕೊಂಡು ಸಾರು ಕುಡೀರಿ.”

ಐರಾ ಎರಡು ಊರುಗೋಲು ತೆಗೆದುಕೊಂಡು ಗಂಡನ ಹಿಂದೆ ಹೋದಳು. ಸೌನಾದೊಳಗೆ ತಣ್ಣಗಿತ್ತು, ಹೊಗೆ ಮತ್ತು ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಎಲೆಯ ವಾಸನೆ. ಇಲ್ಪೊ ಪ್ಯಾಂಟು ಅಂಗಿ ಹಾಕಿಕೊಂಡೇ ಮೇಲಿನ ಹಲಗೆಯಲ್ಲಿ ಕೂತಿದ್ದ. ಬಟ್ಟೆ ಹಾಕಿಕೊಂಡು ಅವನು ಅಲ್ಲಿ ಕೂತದ್ದನ್ನು ಅವಳು ನೋಡಿರಲೇ ಇಲ್ಲ, ಯಾರದೋ ಮನೆಗೆ ಬಂದ ನೆಂಟನ ಹಾಗೆ ಕಂಡ. ಅವಳಿಗೆ ಮೇಲೆ ಹತ್ತಲಾಗುವುದಿಲ್ಲ. ಕೆಳಗಿನ ಹಲಗೆಯಲ್ಲಿ ಅವನ ಕಾಲ ಬಳಿ ಕೂತಳು.

“ಆರೈಕೆ ಮನೆಗೆ ಕಳಿಸ್ಬಿಡ್ತಾನೆ ಅಂದ್ಕೊಂಡಿದ್ಯಾ?” ಎಂದ ಇಲ್ಪೊ.

“ಹೂಂ.”

“ಯಾವತ್ತಿಂದ?”

“ಹಿಮ ಬಿದ್ದಾಗಿಂದ.”

“ಕೇಳ್ಬಹುದಿತ್ತು.”

“ನೀನು ಹೇಳ್ಬಹುದಿತ್ತು.”

ಇಬ್ಬರೂ ಒಲೆಯ ಕಡೆ ನೋಡುತ್ತ ಕೂತರು. ಒಲೆಯಲ್ಲಿ ಏನೂ ಇರಲಿಲ್ಲ.

“ಒಂದೇ ಮಂಚದ ನಕ್ಷೆ ನಿನಗೆ ತೋರಿಸಿದ್ರೆ” ಎಂದ ಇಲ್ಪೊ, “ನೀನು ಸರಿ ಅಂತಿದ್ದೆ. ನನಗೆ ತೊಂದ್ರೆ ಕೊಡ್ಬಾರದು ಅಂತ, ನೀನು ಮೇಲೆ ಆರಾಮಾಗಿ ಮಲ್ಕೋ ಅಂತಿದ್ದೆ. ಆಮೇಲೆ ನಾನು ಮೇಲೆ ಮಲ್ಕೋಬೇಕಾಗ್ತಿತ್ತು.” ಅವನು ಕೂತ ಹಲಗೆಯ ಅಗಲವನ್ನು ಗೇಣಿನಲ್ಲಿ ಅಳೆದ. “ನನಗೆ ಅಲ್ಲಿ ನಿದ್ದೆ ಬರಲ್ಲ, ಐರಾ. ಒಬ್ನೇ.”

ಅವನು ಹೇಳಿದ್ದು ಸರಿಯಾಗಿತ್ತು. ಅವಳು ಹಾಗೇ ಹೇಳುತ್ತಿದ್ದಳು. ಹೇಳಿ, ಕೆಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿ, ತಾನು ಬೇಡವಾದೆ ಎಂದುಕೊಳ್ಳುತ್ತಿದ್ದಳು. ತನ್ನನ್ನು ಇಷ್ಟು ಚೆನ್ನಾಗಿ ಅಳೆದ ಮನುಷ್ಯ ಇವನೊಬ್ಬನೇ ಎಂದು ಐರಾಗೆ ಅನ್ನಿಸಿತು. ಅವನ ಉಣ್ಣೆಯ ಕಾಲುಚೀಲದ ಮೇಲೆ ಕೈ ಇಟ್ಟಳು.

“ಎದ್ದೇಳು. ಸಾರು ಆರುತ್ತೆ.”

ಇಲ್ಪೊ ಕೆಳಗಿಳಿದ. ಬೆಳಗ್ಗೆ ಯಾರೋ ಮೂಲೆಯಲ್ಲಿಟ್ಟಿದ್ದ ಹಾರೆಯನ್ನು ತೆಗೆದುಕೊಂಡ. ಮೇಲಿನ ಹಲಗೆಯ ಸಂದಿಗೆ ಅದನ್ನು ಸಿಕ್ಕಿಸಿ, ಒಂದು ನಿಮಿಷ ಹಾಗೇ ನಿಂತು, ಆಮೇಲೆ ಮೈಭಾರ ಬಿಟ್ಟು ಎಬ್ಬಿದ. ಮೊಳೆಗಳು ಕಿರುಚಿಕೊಂಡು ಬಂದವು. ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದ ಒಂಬತ್ತು ಜನ ಟೋಪಿ ತೆಗೆದರು ಎಂದು ಮರ್ಯತ್ತ ಆಮೇಲೆ ಊರಿಗೆಲ್ಲ ಹೇಳಿಕೊಂಡು ಬಂದಳು. ಓಸ್ಮೊ ಅದು ಸುಳ್ಳು ಎನ್ನುತ್ತಾನೆ, ತಾನೊಬ್ಬನೇ ತೆಗೆದದ್ದಂತೆ.

ಮಧ್ಯಾಹ್ನ ಮೂರರ ಹೊತ್ತಿಗೆ ಸೌನಾ ಇರಲಿಲ್ಲ. ಕಲ್ಲುಗಳು ಅಂಗಳದಲ್ಲಿ ರಾಶಿಯಾಗಿದ್ದವು, ಒಲೆ ಟ್ರ್ಯಾಕ್ಟರ್ ಹತ್ತಿತ್ತು, ನಡುವಿನ ಗೋಡೆ ಹೋಗಿ ಒಂದು ಉದ್ದನೆಯ ಕೋಣೆ ಆಗಿತ್ತು. ಕೆರೆಯ ಕಡೆಯ ಕಿಟಕಿಯಿಂದ ಬೆಳಕು ಅಡಿಗೆಮನೆಯವರೆಗೂ ಬರುತ್ತಿತ್ತು. ಮರ್ಯತ್ತ ತನ್ನ ಮನೆಯ ಸೌನಾ ಕಾಯಿಸಲು ಹೋದಳು, ಉಳಿದವರೆಲ್ಲ ಅವಳ ಹಿಂದೆ ಹೊರಟರು. ಓಸ್ಮೊ ಒಬ್ಬ ನಿಂತ.

“ಸೋಮವಾರ ಪೈಪ್ ತರ್ತೀನಿ. ಎಲ್ಲಿ ಕೊರೀಬೇಕು ಅಂತ ಗೊತ್ತಾಗ್ಬೇಕಾದ್ರೆ ಮಂಚ ಎಲ್ಲಿ ಅಂತ ಗೊತ್ತಾಗ್ಬೇಕು. ನೆಲದ ಮೇಲೆ ಗೆರೆ ಹಾಕ್ಬಿಡು ಇಲ್ಪೊ. ಫೈಲ್ ಬೇಡ, ದಯವಿಟ್ಟು.”

ಇಲ್ಪೊ ಸೀಮೆಸುಣ್ಣ ಹಿಡಿದು ಮಂಡಿಯೂರಿದ. ಕಿಟಕಿಯ ಪಕ್ಕ ಒಂದು ಮಂಚ ಬರೆದು ಒಳಗೆ ಐ ಎಂದು ಬರೆದ. ಟಾಯ್ಲೆಟ್ ಬರೆದ. ಕುರ್ಚಿ ತಿರುಗುವ ಸುತ್ತನ್ನು ದೊಡ್ಡದಾಗಿ, ಧಾರಾಳವಾಗಿ ಎಳೆದ. ಆಮೇಲೆ ಇನ್ನೊಂದು ಮಂಚ ಬರೆಯಲು ಹೊರಟವನು ಕೈ ತಡೆದು ತಲೆ ಎತ್ತಿದ. ಐರಾ ಊರುಗೋಲುಗಳ ಮೇಲೆ ಭಾರ ಬಿಟ್ಟು ಅವನನ್ನೇ ನೋಡುತ್ತ ನಿಂತಿದ್ದಳು.

“ಈಗ ಬೇಕಾದಷ್ಟು ಜಾಗ ಇದೆ” ಎಂದ. “ನಡುವೆ ಕುರ್ಚಿ ಬರೋ ಹಾಗೆ ತೊಂಬತ್ತು ಸೆಂಟಿಮೀಟರ್ ಇಡ್ಲಾ? ಕಚೇರಿಯವರು ಎರಡೂ ಕಡೆ ಇರ್ಬೇಕು ಅಂತಾರೆ.”

“ಕುರ್ಚಿ ಕಿಟಕಿ ಕಡೆಯಿಂದ ಬರ್ಲಿ.”

“ಹಾಗಾದ್ರೆ ಐವತ್ತು? ನಲವತ್ತು?”

“ಏನೂ ಬೇಡ” ಎಂದಳು ಐರಾ.

ಓಸ್ಮೊ ಬೂಟು ಹಾಕಿಕೊಳ್ಳಲು ಹೊರಗೆ ಹೋದ. ಇಲ್ಪೊ ಸೀಮೆಸುಣ್ಣವನ್ನು ಅವಳ ಮಂಚದ ಗೆರೆಯ ಮೇಲೇ ಇಟ್ಟು, ಅಲ್ಲಿಂದ ತನ್ನದನ್ನು ಬರೆಯಲು ಶುರುಮಾಡಿದ.